ಗಟ್ಟಿಯಾಗಿ ಓದುತ್ತಿದ್ದವರು

ಕೆಲವರು ಪತ್ರಿಕೆಯನ್ನು ಮನಸ್ಸಿನಲ್ಲೇ ಓದಿಕೊಳ್ಳುತ್ತಾರೆ. ನಾನು ಹೇಳಹೊರಟವರಿಗೆ ಆ ವಿದ್ಯೆ ಹತ್ತಲೇ ಇಲ್ಲ. ಬಸ್ಸಿನ ಬೋರ್ಡು, ಔಷಧಿ ಚೀಟಿ, ಗೋಡೆಗೆ ಅಂಟಿಸಿದ ಜಾಹೀರಾತು, ಬಿಸ್ಕತ್ತು ಪೊಟ್ಟಣದ ಹಿಂದಿನ ಸಣ್ಣಕ್ಷರ, ಕಣ್ಣಿಗೆ ಬಿದ್ದದ್ದೆಲ್ಲ ಬಾಯಿಗೂ ಬರಲೇಬೇಕು. ಅರಸೀಕೆರೆ ಬಸ್‌ಸ್ಟ್ಯಾಂಡಿನಲ್ಲಿ ಅವರ ಪಕ್ಕ ನಿಂತವರಿಗೆ ಊರಿನ ಸಮಾಚಾರವೆಲ್ಲ ಪುಕ್ಕಟೆ. ಮಾಲೇಕಲ್ಲಿನ ಬೆಟ್ಟ ಹತ್ತುವಾಗ ಮೆಟ್ಟಿಲುಗಳ ಮೇಲೆ ಕೆತ್ತಿದ ದಾನಿಗಳ ಹೆಸರನ್ನು ಒಂದೂ ಬಿಡದೆ ಓದುತ್ತ ಹೋಗಿ, ಮೇಲೆ ತಲಪುವ ಹೊತ್ತಿಗೆ ಗುಡಿಯ ಬಾಗಿಲು ಹಾಕಿತ್ತಂತೆ. "ಇವರ ಜೊತೆ ಆಸ್ಪತ್ರೆಗೆ ಹೋಗಂಗಿಲ್ಲ ಕಣಮ್ಮ, ಪಕ್ಕದ ಮಂಚದೋರ ಕಾಯಿಲೇನೂ ಗಟ್ಟಿಯಾಗಿ ಓದ್ತಾರೆ" ಎಂದು ಅವರ ಹೆಂಡತಿ ತಲೆ ಚಚ್ಚಿಕೊಳ್ಳುತ್ತಿದ್ದರು. ಈಗ ಆ ಮನುಷ್ಯ ಇಲ್ಲ. ಆ ಚಾಳಿಯಿಂದ ಊರಿನಲ್ಲಿ ಯಾರಿಗೆ ಎಷ್ಟು ಕಿರಿಕಿರಿಯಾಯಿತೋ, ನನಗಂತೂ ಅದರಿಂದಲೇ ಬದುಕು ಉಳಿಯಿತು.

ನಾನು ಹಳೇಬೀಡಿನ ಒಂದು ಹೈಸ್ಕೂಲಿನಲ್ಲಿ ಕನ್ನಡ ಟೀಚರು. ನಲವತ್ತು ದಾಟಿದ ಮೇಲೆ ನನ್ನ ಕಣ್ಣಿನ ನಡುಭಾಗ ಮಸುಕಾಗುತ್ತ ಬಂತು. ಅಂಚಿನಲ್ಲಿ ಈಗಲೂ ಕಾಣುತ್ತದೆ. ಬಾಗಿಲು ಗೊತ್ತಾಗುತ್ತದೆ, ಮೆಟ್ಟಿಲು ಗೊತ್ತಾಗುತ್ತದೆ, ಎದುರಿಗೆ ಬರುವ ದನ ಗೊತ್ತಾಗುತ್ತದೆ. ಯಾವುದನ್ನು ದಿಟ್ಟಿಸಿ ನೋಡಬೇಕೋ ಅದು ಮಾತ್ರ ಕಾಣುವುದಿಲ್ಲ. ಬೆಂಗಳೂರಿನ ಡಾಕ್ಟರು ಇದಕ್ಕೆ ಔಷಧಿ ಇಲ್ಲ ಎಂದು ಬಹಳ ಮರ್ಯಾದೆಯಿಂದ ಹೇಳಿದರು. ಆದರೂ ಒಂದಷ್ಟು ವರ್ಷ ನನ್ನ ಗಾಡಿ ಓಡಿತು. ಪಾಠಗಳೆಲ್ಲ ಬಾಯಿಗೆ ಬರುತ್ತಿದ್ದವು. ಪುಸ್ತಕ ಹಿಡಿದು ನಿಂತು, ಹಾಳೆ ಮಗುಚುತ್ತ, ಗದ್ಯ ಪದ್ಯ ಎರಡನ್ನೂ ನೆನಪಿನಿಂದಲೇ ಒಪ್ಪಿಸುತ್ತಿದ್ದೆ. ಅಷ್ಟರಲ್ಲಿ ಪಠ್ಯಪುಸ್ತಕ ಬದಲಾಯಿತು.

ಹೆಡ್‌ಮಾಸ್ಟರು ಕೆಟ್ಟವರಲ್ಲ. ಬೇಸಿಗೆ ರಜೆಗೆ ಮುಂಚೆ ಕರೆದು ಕೂರಿಸಿ, ಕಾಫಿ ತರಿಸಿ ಹೇಳಿದರು: "ಮೇಡಂ, ತಪ್ಪು ತಿಳ್ಕೋಬೇಡಿ. ಜೂನ್‌ನಲ್ಲಿ ಶಾಲೆ ಶುರುವಾಗೋ ಹೊತ್ತಿಗೆ ಹೊಸ ಪಾಠ ಮಾಡೋಕಾಗುತ್ತೆ ಅಂದ್ರೆ ನನ್ನದೇನೂ ತಕರಾರಿಲ್ಲ. ಆಗಲ್ಲ ಅಂದ್ರೆ ಮಕ್ಕಳ ಗತಿ ಏನು ಹೇಳಿ? ನೀವಾಗೇ ನಿವೃತ್ತಿ ತಗೊಂಡ್ರೆ ನಿಮಗೂ ಗೌರವ." ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಅದಕ್ಕೇ ಇನ್ನಷ್ಟು ಉರಿಯಿತು. ಪಾಠ ಮಾಡುವುದು ಬಿಟ್ಟರೆ ನನಗೆ ಬೇರೇನೂ ಬರುವುದಿಲ್ಲ, ಬೇಕಾಗಿಯೂ ಇಲ್ಲ. ಮನೆಯಲ್ಲಿ ನಮ್ಮ ಯಜಮಾನರು ಹೊಸ ಪುಸ್ತಕ ಓದಿ ಹೇಳಲು ಕೂತರು. ತೋಟದಿಂದ ಬಂದ ಮನುಷ್ಯ, ಎರಡು ಸಾಲಿಗೆ ಒಂದು ಆಕಳಿಕೆ, ನಾಲ್ಕನೇ ಸಾಲಿಗೆ ಗೊರಕೆ. ಸಹೋದ್ಯೋಗಿಯೊಬ್ಬರು ಪುಸ್ತಕವನ್ನೆಲ್ಲ ಟೈಪ್ ಮಾಡಿ ನನ್ನ ಹಳೆಯ ಲ್ಯಾಪ್‌ಟಾಪಿಗೆ ಹಾಕಿಕೊಟ್ಟರು. ಅದರೊಳಗೆ ಅಕ್ಷರಗಳನ್ನು ಓದಿ ಹೇಳುವ ಒಂದು ದನಿಯಿತ್ತು. ಇಂಗ್ಲಿಷನ್ನು ಹೇಗೋ ಓದುತ್ತಿತ್ತು, ಕನ್ನಡ ಬಂದರೆ ಬಾಯಲ್ಲಿ ಬಿಸಿ ಅನ್ನ ಇಟ್ಟುಕೊಂಡವರ ಹಾಗೆ ಆಡುತ್ತಿತ್ತು. ಆಗಿನ ನನ್ನ ಫೋನಿಗಂತೂ ಕನ್ನಡವೇ ಗೊತ್ತಿರಲಿಲ್ಲ.

ಅದೇ ರಜೆಯಲ್ಲಿ ಅರಸೀಕೆರೆಯಲ್ಲಿ ಟೀಚರುಗಳಿಗೆ ಕಂಪ್ಯೂಟರ್ ತರಬೇತಿ ನಡೆಯಿತು. ಅಲ್ಲಿ ಪಾಠ ಹೇಳಲು ಬಂದವರೇ ಈ ಗಟ್ಟಿಯಾಗಿ ಓದುವವರು. ಊರಿನ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಲೆಕ್ಚರರು, ನಿವೃತ್ತಿಗೆ ಹತ್ತಿರವಾಗಿದ್ದವರು. ಪರದೆಯ ಮೇಲಿರುವುದನ್ನು ನೋಡಿಕೊಂಡು ಮಾಡಿ ಎಂದರು. ಎಲ್ಲರೂ ಮಾಡಿದರು. ನನ್ನ ಹತ್ತಿರ ಬಂದು, "ನೀವ್ಯಾಕೆ ಕೈ ಕಟ್ಟಿ ಕೂತಿದ್ದೀರಿ ಮೇಡಂ?" ಎಂದರು. ಕಾಣುವುದಿಲ್ಲ ಎಂದೆ. ಸಾಮಾನ್ಯವಾಗಿ ಈ ಮಾತಿಗೆ ಜನ "ಅಯ್ಯೋ ಪಾಪ" ಅನ್ನುತ್ತಾರೆ, ಇಲ್ಲವೇ ಇದ್ದಕ್ಕಿದ್ದ ಹಾಗೆ ನನಗೆ ಕಿವಿಯೂ ಕೇಳಿಸುವುದಿಲ್ಲವೇನೋ ಎಂಬಂತೆ ಕಿರುಚುತ್ತಾರೆ. ಅವರು ಕುರ್ಚಿ ಎಳೆದುಕೊಂಡು ಕೂತರು. "ಹಂಗಾದ್ರೆ ನಾನು ಓದ್ತೀನಿ, ನೀವು ಒತ್ತಿ" ಎಂದರು, ಅಷ್ಟೇ. ನಮ್ಮಿಬ್ಬರ ನಡುವೆ ಆಮೇಲೆ ನಡೆದದ್ದೆಲ್ಲ ಇದೇ.

ತರಬೇತಿ ಮುಗಿದ ಮೇಲೆ, ಲ್ಯಾಪ್‌ಟಾಪು ಹಿಡಿದುಕೊಂಡು ಮನೆಗೆ ಬನ್ನಿ, ನೋಡೋಣ ಎಂದರು. ಅವರ ಮನೆ ಕೊಬ್ಬರಿ ಮಂಡಿಯ ಹಿಂದೆ. ಮಂಡಿ ಅವರ ಅಣ್ಣಂದು. ಮನೆತನದ ವ್ಯಾಪಾರ ಬಿಟ್ಟು ಇವರೊಬ್ಬರು ಓದಿನ ಹುಚ್ಚು ಹಿಡಿಸಿಕೊಂಡವರು. ಗೇಟು ತೆಗೆದರೆ ಕೊಬ್ಬರಿ ವಾಸನೆ, ಕೋಣೆಗೆ ಹೋದರೆ ವಿಭೂತಿಯ ವಾಸನೆ. ನನಗೆ ಅವರು ಕಂಡದ್ದು ಒಂದು ಬಿಳೀ ಅರ್ಧ ತೋಳಿನ ಅಂಗಿಯಾಗಿ ಮಾತ್ರ. ದನಿ ಮಾತ್ರ ಆ ಅಂಗಿಯೊಳಗೆ ಹಿಡಿಸುವಂಥದ್ದಲ್ಲ. ಚಿಕ್ಕಂದಿನಲ್ಲಿ ಮಂಡಿಯಲ್ಲಿ ಹರಾಜು ಕೂಗುವವರನ್ನು ಕೇಳಿ ಕೇಳಿ ಬಂದ ದನಿ. ಕಂಪ್ಯೂಟರು ಸಣ್ಣ ಅಕ್ಷರದಲ್ಲಿ ಏನಾದರೂ ಗೊಣಗಿದರೆ ಇವರು ಅದನ್ನು ಬೀದಿಗೆಲ್ಲ ಕೇಳಿಸುತ್ತಿದ್ದರು. "ಫೇಟಲ್ ಎರರ್! ನೋ ಸಚ್ ಫೈಲ್ ಆರ್ ಡೈರೆಕ್ಟರಿ!" ಎಂದು ಕೂಗಿದಾಗ ಮಂಡಿಯ ಹಮಾಲರು ಮೂಟೆ ಇಳಿಸುವುದನ್ನು ನಿಲ್ಲಿಸಿ ಕಿಟಕಿಯ ಕಡೆ ನೋಡುತ್ತಿದ್ದರಂತೆ.

ಅವರ ಯೋಚನೆ ಹೀಗಿತ್ತು. ನನ್ನ ಲ್ಯಾಪ್‌ಟಾಪಿನಲ್ಲಿದ್ದ ದನಿ ಬಹಳ ಹಳೆಯದು. ಅದರ ಹೊಸ ರೂಪದಲ್ಲಿ ಕನ್ನಡ ಚೆನ್ನಾಗಿದೆ. ಆದರೆ ನನ್ನದರಂಥ ಹಳೇ ಯಂತ್ರಕ್ಕೆ ಅದನ್ನು ಸಿದ್ಧಮಾಡಿ ಯಾರೂ ಇಟ್ಟಿಲ್ಲ. ಆ ಪ್ರೋಗ್ರಾಂ ಬರೆದವರ ಮೂಲ ಕೋಡನ್ನೇ ಇಂಟರ್ನೆಟ್ಟಿನಿಂದ ತಂದು, ಈ ಯಂತ್ರದಲ್ಲೇ ಕಟ್ಟಬೇಕು. "ಒಂದು ಭಾನುವಾರದ ಕೆಲಸ" ಎಂದರು. ಅವರ ಹೆಂಡತಿ ಅಡುಗೆಮನೆಯಿಂದಲೇ, "ಇವರ ಒಂದು ಭಾನುವಾರ ಅಂದ್ರೆ ಗೊತ್ತಲ್ಲ, ಹಬ್ಬದವರ್ಗೂ ಹೋಯ್ತದೆ" ಎಂದರು. ಆಯಮ್ಮನನ್ನು ನಾನು ಅಕ್ಕ ಎಂದೇ ಕರೆಯುತ್ತಿದ್ದೆ. ಅಕ್ಕ ಹೇಳಿದ್ದೇ ನಿಜವಾಯಿತು.

ಕಟ್ಟಲು ಕೂತರೆ ಇದಕ್ಕೆ ಇನ್ನೊಂದು ಪ್ರೋಗ್ರಾಂ ಬೇಕು ಎನ್ನುತ್ತಿತ್ತು. ಆ ಇನ್ನೊಂದನ್ನು ತಂದರೆ ಅದಕ್ಕೆ ಮತ್ತೊಂದು. ನನಗೆ ತಲೆ ಕೆಟ್ಟು, "ಇದೇನು ಸಾರ್, ಮುಗಿಯೋದೇ ಇಲ್ವಾ?" ಎಂದೆ. ಅವರಿಗೆ ಖುಷಿಯೋ ಖುಷಿ.

"ಮೇಡಂ, ನಿಮ್ಮ ಮನೇಲಿ ಮದುವೆ ಮಾಡಿದೀರಾ?"

"ನಾದಿನಿದು ಮಾಡಿದೀವಿ."

"ಹೆಂಗೆ ಕರೆದ್ರಿ ನೆಂಟರನ್ನ? ಭಾವನ್ನ ಕರೀಬೇಕು ಅಂದ್ರೆ ಮೊದಲು ಅವರಣ್ಣನ ಮನೇಗೆ ಹೋಗ್ಬೇಕು. ಅಣ್ಣನ್ನ ಬಿಟ್ಟು ತಮ್ಮನ್ನ ಕರೆದ್ರೆ ತಮ್ಮನೂ ಬರಲ್ಲ. ಅಣ್ಣ ಬರಬೇಕು ಅಂದ್ರೆ ಅವರ ಸೋದರಮಾವನಿಗೆ ಅಕ್ಷತೆ ಹೋಗಿರ್ಬೇಕು. ಹೌದೋ ಇಲ್ವೋ? ಇವೂ ಹಂಗೇಯ. ಒಂದೊಂದ್ರ ಬಾಗಿಲಿಗೂ ಹೋಗಿ ಕರೀಬೇಕು. ಅವಸರ ಮಾಡಿ ಯಾರನ್ನಾದ್ರೂ ಬಿಟ್ವೋ, ಚಪ್ಪರದಾಗೇ ಜಗಳ."

ಅಂದಿನಿಂದ ಬೇಕಾದ ಚೂರುಗಳನ್ನೆಲ್ಲ ನಾವು ನೆಂಟರು ಎಂದೇ ಕರೆದೆವು. ಕೆಲವೊಮ್ಮೆ ನೆಂಟ ಯಂತ್ರದಲ್ಲೇ ಇದ್ದರೂ ಕಟ್ಟುವಾಗ "ನಾಟ್ ಫೌಂಡ್" ಎನ್ನುತ್ತಿತ್ತು. ಇಲ್ಲೇ ಇದ್ದಾನಲ್ಲ ಎಂದು ನಾನು ರೇಗಿದರೆ, "ಬಂದವ್ನೆ ಮೇಡಂ, ಆದ್ರೆ ಇವನು ಯಾವ ಮನೆಯೋನು, ಏನು ಕೆಲಸ ಬತ್ತದೆ ಅಂತ ಪರಿಚಯ ಹೇಳೋರಿಲ್ಲ" ಎಂದು, ಆ ಪರಿಚಯ ಹೇಳುವ ಕಡತವನ್ನು ಬೇರೆಯಾಗಿ ತರಿಸುತ್ತಿದ್ದರು. ಒಮ್ಮೊಮ್ಮೆ ಪರದೆ ತುಂಬ ತಪ್ಪುಗಳು ಸುರಿಯುತ್ತಿದ್ದವು. ನಾನು "ಕೊನೆಯದನ್ನು ಓದಿ" ಅನ್ನುತ್ತಿದ್ದೆ, ಅವರು ಮೇಲಕ್ಕೆ ಹೋಗಿ ಮೊದಲನೆಯದನ್ನೇ ಹುಡುಕುತ್ತಿದ್ದರು. "ಮೊದಲನೇ ದೂರು ಮಾತ್ರ ನಿಜ. ಮಿಕ್ಕಿದ್ದೆಲ್ಲ ಅವನನ್ನ ನೋಡ್ಕಂಡು ಇವರೂ ಮುನಿಸಿಕೊಂಡಿರೋದು" ಎಂದು ಉಂಗುರದ ಬೆರಳಿನಿಂದ ಮೇಜನ್ನು ಟಕ್ಕೆಂದು ಬಡಿಯುತ್ತಿದ್ದರು. ಕಾಲೇಜಿನ ಹುಡುಗರು ಫೋನು ಮಾಡಿ ಎರರ್ ಬಂತು ಸಾರ್ ಎಂದರೆ ಉರಿದುಬೀಳುತ್ತಿದ್ದರು. "ಎರರ್ ಬಂತು ಅನ್ಬೇಡ ಕಣೋ, ಏನ್ ಬಂತು ಅಂತ ಓದು. ಇಲ್ಲ ಅಂದ್ರೆ ಸಾಲದು, ಏನಿಲ್ಲ ಅಂತ ಕೇಳು."

ಅವರ ಹಟ ಒಂದಿತ್ತು. ನನ್ನ ಲ್ಯಾಪ್‌ಟಾಪಿನ ಕೀಲಿಗಳನ್ನು ಅವರು ಮುಟ್ಟುತ್ತಿರಲಿಲ್ಲ. ಅವರು ಓದಬೇಕು, ನಾನು ಒತ್ತಬೇಕು. ನನ್ನ ಬೆರಳು ತಪ್ಪಿ ತಪ್ಪಿ, ಒಂದು ಸಾಲಿಗೆ ಹೊತ್ತು ಹಿಡಿಯುತ್ತಿತ್ತು. ಒಂದು ದಿನ ಸಿಟ್ಟು ಬಂದು, "ನಿಮ್ಮ ಕೈಗೇನಾಗಿದೆ ಸಾರ್? ಒಂದು ನಿಮಿಷದ ಕೆಲಸ, ನನ್ನನ್ಯಾಕೆ ಹೀಗೆ ಸತಾಯಿಸ್ತೀರಿ?" ಎಂದೆ. ಅವರು ಕೊಬ್ಬರಿ ಬೆಲ್ಲ ಅಗಿಯುತ್ತ ಹೇಳಿದರು: "ನಾನು ಒತ್ತಿದ್ರೆ ಇದು ನನ್ನ ಯಂತ್ರ ಆಯ್ತದೆ. ನಾಳೆ ಕೆಟ್ಟರೆ ಮತ್ತೆ ಜಾವಗಲ್ ಬಸ್ ಹತ್ತಿ ಓಡಿ ಬತ್ತೀರಿ. ಬನ್ನಿ, ಊಟಕ್ಕೆ ಬನ್ನಿ. ಇದಕ್ಕೆ ಬರಬೇಡಿ." ಮಾತು ಮುಗಿಸಿ ನನ್ನ ಕೈಗೂ ಒಂದು ಬೆಲ್ಲದ ಚೂರು ಇಟ್ಟರು. ಜಗಳ ಮುಂದುವರಿಸಲು ಬಾಯಿ ಖಾಲಿ ಇರಲಿಲ್ಲ.

ಅವರು ತಪ್ಪೇ ಮಾಡದವರಲ್ಲ. ಹಾಗೆಂದು ಅವರೇ ಆಗಾಗ ಹೇಳಿಕೊಳ್ಳುತ್ತಿದ್ದರು, ಆದರೆ ಬೇರೆಯವರು ಹೇಳಿದರೆ ಒಪ್ಪುತ್ತಿರಲಿಲ್ಲ. ಮೇ ತಿಂಗಳ ನಡುವೆ, ಹೊಸ ದನಿ ಬರುವ ಸಂಭ್ರಮದಲ್ಲಿ, ಹಳೆಯ ದನಿಯನ್ನು ಪೂರ್ತಿ ತೆಗೆಸಿಬಿಟ್ಟರು. "ಒಂದು ಮನೇಲಿ ಎರಡು ಯಜಮಾನಿಕೆ ಇರಬಾರದು" ಎಂದರು. ಅಷ್ಟರವರೆಗೆ ತಡವರಿಸುತ್ತಲಾದರೂ ಮಾತಾಡುತ್ತಿದ್ದ ಲ್ಯಾಪ್‌ಟಾಪು ಅವತ್ತಿನಿಂದ ಮೂಗ. ಅವರು ಮಾತ್ರ, "ಮುಂದಿನ ವಾರ ಸಂಪಿಗೆ ಹೂವಿನಂಥ ಕನ್ನಡ ಕೇಳ್ತೀರಿ" ಎಂದು ಬಸ್ಸು ಹತ್ತಿಸಿದರು.

ಮುಂದಿನ ವಾರ ನಿಜವಾಗಿಯೂ ಎಲ್ಲ ನೆಂಟರೂ ಬಂದು ಕೂತರು. ಯಾರ್ಯಾರು ಬಂದಿದ್ದಾರೆಂದು ಯಂತ್ರ ತಪಾಸಣೆ ಮಾಡಿ ಮುಗಿಸಿದ ಮೇಲೆ ನಾನು ಕಟ್ಟುವ ಆಜ್ಞೆ ಒತ್ತಿದೆ. ಅವರು ದೂರು ಹುಡುಕುತ್ತ ಸಾಲು ಸಾಲಾಗಿ ಕಣ್ಣಾಡಿಸಿದರು. ಒಂದು ತಪ್ಪಿಲ್ಲ, ಒಂದು ದೂರಿಲ್ಲ. ಮುಗಿಯಿತು ಎಂದಾಗ ಚಪ್ಪಾಳೆ ತಟ್ಟಿ ಹೆಂಡತಿಯನ್ನು ಕೂಗಿದರು. ಅಕ್ಕ ಕಾಯಿ ಒಬ್ಬಟ್ಟಿನ ತಟ್ಟೆ ಹಿಡಿದು ಬಂದು ನಿಂತರು. ಹೊಸ ಪುಸ್ತಕದ ಮೊದಲ ಪಾಠ ತೆರೆದು ಓದು ಎಂದು ಒತ್ತಿದೆ.

ಏನೂ ಇಲ್ಲ.

ಮತ್ತೆ ಒತ್ತಿದೆ. ಇಲ್ಲ. ಸ್ಪೀಕರು ಕೆಟ್ಟಿದೆಯೇ ಎಂದು ಯಾವುದೋ ಹಾಡು ಹಾಕಿಸಿದರು, ಹಾಡು ಗಟ್ಟಿಯಾಗಿಯೇ ಬಂತು. ಮತ್ತೆ ಮೊದಲಿನಿಂದ ಕಟ್ಟಿಸಿದರು. ಮತ್ತೆ ಒಂದೂ ದೂರಿಲ್ಲ, ಒಂದೂ ಮಾತಿಲ್ಲ. ಅವರು ಸುಮ್ಮನಾದರು. ಆ ದನಿ ಸುಮ್ಮನಾದದ್ದನ್ನು ನಾನು ಕೇಳಿದ್ದು ಅದೇ ಮೊದಲು. "ದೂರು ಹೇಳಿದ್ರೆ ಹಿಡೀಬೋದು ಮೇಡಂ. ಇದು ಏನೂ ಹೇಳ್ತಿಲ್ಲವಲ್ಲ" ಎಂದರು. ಶಾಲೆ ಶುರುವಾಗುವುದು ಮುಂದಿನ ವಾರ. ಮೂಗನನ್ನು ಹೊತ್ತುಕೊಂಡು ಹೋಗಿ ಏನು ಮಾಡಲಿ ಎಂದು ಲ್ಯಾಪ್‌ಟಾಪನ್ನು ಅಲ್ಲೇ ಬಿಟ್ಟು ಎದ್ದೆ. ಅವರು ಬಸ್‌ಸ್ಟ್ಯಾಂಡಿನವರೆಗೆ ಬಂದರು. ಒಂದು ಬೋರ್ಡನ್ನೂ ಓದಲಿಲ್ಲ.

ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಕೂತು ನಿವೃತ್ತಿಯ ಯೋಚನೆ ಮಾಡಿದೆ. ಬೆಳಿಗ್ಗೆ ಎದ್ದು ಶಾಲೆಗೆ ಹೋಗದ ನನ್ನನ್ನು ನನಗೇ ಊಹಿಸಿಕೊಳ್ಳಲು ಆಗಲಿಲ್ಲ. ಕ್ಲಾಸಿನ ಗಲಾಟೆ, ಸೀಮೆಸುಣ್ಣದ ಧೂಳು, ಹಿಂದಿನ ಬೆಂಚಿನ ಪಿಸುಮಾತು ಎಲ್ಲ ನೆನಪಾಯಿತು. ನನಗೆ ಕ್ಲಾಸಿನಲ್ಲಿ ಅರ್ಥವಾಗಲಿಲ್ಲ ಮಿಸ್ ಎಂದು ಕೂಗುವವರ ಚಿಂತೆ ಎಂದೂ ಇರಲಿಲ್ಲ. ಅವರಿಗೆ ಇನ್ನೊಂದು ಸಲ ಹೇಳಿದರಾಯಿತು. ಹೂಂ ಎಂದು ತಲೆಯಾಡಿಸಿ ಸುಮ್ಮನೆ ಕೂರುತ್ತವಲ್ಲ, ಆ ಮಕ್ಕಳದ್ದೇ ಭಯ. ಪರೀಕ್ಷೆ ಬರುವವರೆಗೆ ಏನು ಗೊತ್ತಿಲ್ಲ ಎಂದೇ ಗೊತ್ತಾಗುವುದಿಲ್ಲ. ಇದನ್ನು ಯೋಚಿಸುತ್ತಿದ್ದ ಹಾಗೆ ಥಟ್ಟನೆ ನೆಟ್ಟಗೆ ಕೂತೆ. ಈ ಮಹಾನುಭಾವರು ಇಷ್ಟು ದಿನವೂ ನನಗೆ ದೂರುಗಳನ್ನು ಮಾತ್ರ ಓದಿ ಹೇಳಿದ್ದರು. ಜಗತ್ತಿನಲ್ಲಿ ಕಂಡದ್ದನ್ನೆಲ್ಲ ಓದುವವರು ಇಲ್ಲಿ ಮಾತ್ರ ಆಯ್ದು ಓದಿದ್ದರು.

ಮನೆ ಸೇರಿದವಳೇ ಫೋನು ಮಾಡಿದೆ. "ಸಾರ್, ಕಟ್ಟೋಕೆ ಮುಂಚೆ ಅದು ಏನೇನೋ ತಪಾಸಣೆ ಮಾಡುತ್ತಲ್ಲ, ಅದನ್ನ ಪೂರ್ತಿ ಓದಿ."

"ಅದರಾಗೇನೈತೆ ಮೇಡಂ? ಇದು ಐತೆ, ಅದು ಐತೆ ಅಂತ ಬರೀ ಹಾಜರಿ ಕೂಗೋದು."

"ಹಾಜರಿ ತಗೊಳ್ಳೋದು ನನ್ನ ಕೆಲಸ. ನೀವು ಓದಿ."

ಗೊಣಗುತ್ತಲೇ ಶುರು ಮಾಡಿದರು. ಚೆಕಿಂಗ್ ಫಾರ್ ಅದು, ಎಸ್. ಚೆಕಿಂಗ್ ಫಾರ್ ಇದು, ಎಸ್. ಎಸ್, ಎಸ್, ಎಸ್. ಹರಾಜಿನ ದನಿ ಮರಳಿ ಬರುತ್ತಿತ್ತು. ಕೊನೆಕೊನೆಗೆ ಒಂದು ಕಡೆ "ನೋ" ಎಂದು ಹೇಳಿ ನಿಲ್ಲದೆ ಮುಂದಕ್ಕೆ ಹೋದರು.

"ನಿಲ್ಲಿ. ಆ ನೋ ಯಾರದು?"

ಆ ಕಡೆ ಕುರ್ಚಿ ಹಿಂದಕ್ಕೆ ಸರಿದ ಸದ್ದು. ಆಮೇಲೆ ನಗು. ಹೊಟ್ಟೆ ಹಿಡಿದುಕೊಂಡು ನಗುವುದು ಅನ್ನುತ್ತಾರಲ್ಲ, ಅದು ಫೋನಿನಲ್ಲೂ ಗೊತ್ತಾಗುತ್ತದೆ. "ಅಯ್ಯೋ ಶಿವನೇ! ಸ್ಪೀಕರಿಗೆ ದನಿ ಮುಟ್ಟಿಸೋ ನೆಂಟನೇ ಬಂದಿಲ್ಲ ಕಣ್ರೀ! ಇವನಿಲ್ಲದಿದ್ರೂ ಕಟ್ಟಡ ನಿಲ್ತದೆ. ಮಾತನ್ನ ಕಡತದಾಗೆ ಬರೆದಿಟ್ಟುಕೊಳ್ಳೋರಿಗೆ ಇವನು ಬೇಡ, ಅದಕ್ಕೇ ಅದು ಜಗಳ ಮಾಡದೆ ಸುಮ್ನೆ ಇಲ್ಲ ಅಂತ ಬರ್ಕಂಡು ಮುಂದಕ್ಕೆ ಹೋಗೈತೆ. ಕರೀದಿದ್ರೂ ಬೇಜಾರು ಮಾಡ್ಕಳ್ದೆ ಮನೇಲೇ ಕೂತವ್ನೆ ಪುಣ್ಯಾತ್ಮ!" ಸೋತದ್ದಕ್ಕೆ ಅಷ್ಟು ಸಂತೋಷಪಟ್ಟ ಮನುಷ್ಯನನ್ನು ನಾನು ಬೇರೆ ಕಂಡಿಲ್ಲ. ಪಕ್ಕದಲ್ಲಿದ್ದ ಅಕ್ಕನಿಗೆ, "ಮೇಡಮ್ಮೋರು ಹಿಡಿದ್ರು, ನನ್ ಕೈಲಾಗ್ಲಿಲ್ಲ, ಮೇಡಮ್ಮೋರು ಹಿಡಿದ್ರು" ಎಂದು ಮತ್ತೆ ಮತ್ತೆ ಹೇಳುತ್ತಿದ್ದುದು ನನಗೂ ಕೇಳಿಸಿತು.

ಯಂತ್ರ ಅವರ ಹತ್ತಿರವೇ ಇತ್ತು. ಆ ನೆಂಟನನ್ನು ಅವರೇ ಕರೆದು ಕೂರಿಸಿಬಿಡಬಹುದಿತ್ತು. ಮಾರನೆಯ ದಿನ ಬೆಳಗಿನ ಬಸ್ಸಿಗೆ, ಲ್ಯಾಪ್‌ಟಾಪನ್ನು ಕೊಬ್ಬರಿ ಚೀಲದಲ್ಲಿ ಸುತ್ತಿಕೊಂಡು, ಹಳೇಬೀಡಿಗೆ ಬಂದಿಳಿದರು. ಕೆರೆಯ ಕಡೆ ತೆರೆದುಕೊಳ್ಳುವ ನಮ್ಮ ಜಗಲಿಯಲ್ಲಿ ಕೂತು, "ಹೂಂ, ಒತ್ತಿ" ಎಂದರು. ಆ ನೆಂಟನಿಗೂ ಒಬ್ಬ ಅಣ್ಣ ಇದ್ದ, ಅವನನ್ನೂ ಕರೆದೆವು. ಈ ಸಲ ಅವರು ಒಂದು ಅಕ್ಷರ ಬಿಡದೆ ಓದಿದರು. ಊಟದ ಹೊತ್ತಿಗೆ ಮತ್ತೆ ಮೊದಲ ಪಾಠ ತೆರೆದು ಒತ್ತಿದೆ.

ಅದು ಓದಿತು. ನೆಗಡಿಯಾದವರ ಹಾಗೆ ಮೂಗಿನಲ್ಲಿ, ಏರಿಳಿತವಿಲ್ಲದೆ, ಆದರೆ ಸ್ಪಷ್ಟ ಕನ್ನಡದಲ್ಲಿ. ಸಂಪಿಗೆಯೂ ಅಲ್ಲ, ಮಲ್ಲಿಗೆಯೂ ಅಲ್ಲ. ನನ್ನ ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳುವ ಮನಸ್ಸೂ ಆಗಲಿಲ್ಲ. ಒಂದು ಪುಟವಾದ ಮೇಲೆ ನಿಲ್ಲಿಸಲು ಹೋದೆ. "ಇರಲಿ ಇರಲಿ, ಓದಕ್ಕೆ ಬಿಡಿ" ಎಂದರು. ಪಾಠ ಮುಗಿಯುವವರೆಗೂ ಅವರು ಉಸಿರೆತ್ತಲಿಲ್ಲ. ಜೀವಮಾನವೆಲ್ಲ ಬೇರೆಯವರಿಗೆ ಓದಿ ಹೇಳಿದವರು, ಜಗಲಿಯ ಕಂಬಕ್ಕೆ ಒರಗಿ, ಓದಿಸಿಕೊಂಡು ಕೂತಿದ್ದರು.

ಜೂನ್‌ನಲ್ಲಿ ನಾನು ಹೊಸ ಪಾಠ ಮಾಡಿದೆ. ಆಮೇಲಿನ ವರ್ಷಗಳಲ್ಲೂ ಮಾಡಿದೆ. ಹೆಡ್‌ಮಾಸ್ಟರು ಬದಲಾದರು, ಲ್ಯಾಪ್‌ಟಾಪು ಬದಲಾಯಿತು, ಹೊಸದರಲ್ಲಿ ದನಿಯನ್ನು ನಾನೊಬ್ಬಳೇ ಕಟ್ಟಿಕೊಂಡೆ. ಎಲ್ಲ ಹಾಜರಿಯನ್ನೂ ಪಕ್ಕದ ಮನೆಯವರಿಂದ ಗಟ್ಟಿಯಾಗಿ ಓದಿಸಿ ಕೇಳಿಕೊಂಡೇ ಕಟ್ಟಿದ್ದು. ಅರಸೀಕೆರೆಗೆ ಹೋಗುತ್ತಿದ್ದೆ, ಅವರು ಅಂದ ಹಾಗೆ ಊಟಕ್ಕೆ. ಹೋದಾಗೆಲ್ಲ ಮನೆಗೆ ಬಂದಿದ್ದವರಿಗೆ "ನೋ" ಹಿಡಿದ ಕತೆಯನ್ನು ಹೇಳುತ್ತಿದ್ದರು. ಪ್ರತಿ ಸಲವೂ ಕತೆಯಲ್ಲಿ ನಾನು ಇನ್ನಷ್ಟು ಬುದ್ಧಿವಂತಳಾಗುತ್ತಿದ್ದೆ.

ಹೋದ ವರ್ಷ ಒಂದು ಬೆಳಿಗ್ಗೆ ಸ್ಟಾಫ್‌ರೂಮಿನಲ್ಲಿ ಪಾಠ ಕೇಳಿಸಿಕೊಳ್ಳುತ್ತಿದ್ದಾಗ, ಲ್ಯಾಪ್‌ಟಾಪಿನಲ್ಲೇ ತೆರೆದಿಟ್ಟಿದ್ದ ಟೀಚರುಗಳ ಗುಂಪಿಗೆ ಒಂದು ಸಂದೇಶ ಬಂತು. ದನಿ ಅದನ್ನೂ ಓದಿತು. ಅವರು ಮುಂಜಾನೆ ತೀರಿಕೊಂಡರು, ಸಂಜೆ ಅಂತ್ಯಕ್ರಿಯೆ. ಅದೇ ಮೂಗಿನ ಸ್ವರ, ಅದೇ ವೇಗ. ಹಿಂದಕ್ಕೆ ಹೋಗಿ ಮತ್ತೊಮ್ಮೆ ಓದಿಸಿದೆ. ಅಷ್ಟೇ ಸ್ಪಷ್ಟವಾಗಿ ಓದಿತು.

ಸಹೋದ್ಯೋಗಿಗಳು, "ಹೊರಡಿ ಮೇಡಂ, ಕ್ಲಾಸು ನಾವು ನೋಡ್ಕೋತೀವಿ" ಎಂದರು. ಬೆಲ್ಲು ಹೊಡೆಯಿತು. ನಾನು ಕ್ಲಾಸಿಗೇ ಹೋದೆ. ಆ ಮನುಷ್ಯ ನನಗೆ ಉಳಿಸಿಕೊಟ್ಟದ್ದೇ ಆ ಮುಕ್ಕಾಲು ಗಂಟೆ. ಅದನ್ನು ಬಿಟ್ಟು ಅವರ ಮನೆ ಬಾಗಿಲಿಗೆ ಹೇಗೆ ಹೋಗಲಿ?

ಬಸ್ಸು ಇಳಿದು ಅವರ ಮನೆ ಸೇರುವಾಗ ಮಧ್ಯಾಹ್ನ ದಾಟಿತ್ತು. ಮಂಡಿಯ ಬಾಗಿಲು ಹಾಕಿತ್ತು. ನಡುಮನೆಯಲ್ಲಿ ಅವರನ್ನು ಕೂರಿಸಿ, ವಿಭೂತಿ ಧರಿಸಿ, ಹೂ ಏರಿಸಿದ್ದರು. ಭಜನೆ ನಡೆಯುತ್ತಿತ್ತು. ಯಾರೋ ನನ್ನ ತೋಳು ಹಿಡಿದು ಅಕ್ಕನ ಹತ್ತಿರ ಬಿಟ್ಟರು. ಅತ್ತೂ ಅತ್ತೂ ಅವರ ಗಂಟಲು ಕಟ್ಟಿಹೋಗಿತ್ತು. ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

"ಇವತ್ತು ಸ್ಕೂಲೈತಲ್ಲಮ್ಮ? ಪಾಠ ಬಿಟ್ಟು ಬಂದ್ರಾ?"

"ಇಲ್ಲಕ್ಕ. ಮಾಡಿ ಬಂದೆ."

ಅಕ್ಕ ನನ್ನ ಕೈ ಬಿಡದೆ ಗಂಡನ ಕಡೆ ತಿರುಗಿದರು. ಆ ಭಜನೆಯ ನಡುವೆ, ಮನೆಯವರೆಲ್ಲ ತಿರುಗಿ ನೋಡುವಷ್ಟು ಗಟ್ಟಿಯಾಗಿ ಹೇಳಿದರು:

"ಕೇಳಿಸ್ತೇನ್ರೀ? ಪಾಠ ಮಾಡೇ ಬಂದವ್ರಂತೆ!"